ಇಂಗ್ಲಿಷ್ ವಾಕ್ಯಗಳಲ್ಲಿ ಕುಂಭಸಂಭವ

ಇಂಗ್ಲಿಷ್ ಭಾಷೆಯೊಳಗೆ ಅವನಷ್ಟು ಮೈಮುರಿದು ದುಡಿದ ಮನುಷ್ಯ ಇನ್ನೊಬ್ಬನಿಲ್ಲ. ಹುಲಿಯನ್ನು ಕೊಂದವನು ಅವನು. ಕೊಂದ ಮರುಕ್ಷಣವೇ ಅದೇ ಹುಲಿಯ ಬಾಯಿಗೆ ಬಿದ್ದವನೂ ಅವನೇ. ಗಂಗೆಯನ್ನು ಈಜಿ ದಾಟಿದ್ದಾನೆ, ಹಿಮಾಲಯ ಹತ್ತಿದ್ದಾನೆ, ಬೆಳಿಗ್ಗೆ ಲಂಡನ್ನಿಗೆ ಹೋದವನು ಸಂಜೆಯ ಚಹಾದ ಹೊತ್ತಿಗೆ ಊರಿಗೆ ಮರಳಿದ್ದಾನೆ. ಒಂದೇ ಮಾವಿನಹಣ್ಣನ್ನು ನಿನ್ನೆ ತಿಂದಿದ್ದಾನೆ, ಈಗ ತಿನ್ನುತ್ತಿದ್ದಾನೆ, ನಾಳೆ ಈ ಹೊತ್ತಿಗೆ ತಿಂದು ಮುಗಿಸಿರುತ್ತಾನೆ. ರಾಜನಾಗಿದ್ದ, ಕಳ್ಳನಾಗಿದ್ದ, ಕುರುಡ ಭಿಕ್ಷುಕನಾಗಿ ಸೇತುವೆಯ ಮೇಲೆ ಕೂತಿದ್ದ. ಡಾಕ್ಟರು ಬರುವ ಮುಂಚೆಯೇ ಸತ್ತುಹೋದದ್ದಂತೂ ಪ್ರತಿವರ್ಷ ದೀಪಾವಳಿ ರಜೆ ಮುಗಿದ ವಾರ, ತಪ್ಪದೆ.

ಇಷ್ಟೆಲ್ಲ ಪರಾಕ್ರಮ ನಡೆಯುತ್ತಿರುವಾಗ ಸದರಿ ವೀರನು ಕಿರಿಮಂಜೇಶ್ವರದ ಹೆದ್ದಾರಿ ಬದಿಯಲ್ಲಿ, ಲುಂಗಿ ಎತ್ತಿ ಕಟ್ಟಿಕೊಂಡು, ಪಿಕಪ್ ಗಾಡಿಗೆ ಪ್ಲಾಸ್ಟಿಕ್ ಕುರ್ಚಿ ಹೇರುತ್ತಿದ್ದ.

ಅವನ ಹೆಸರು ಕುಂಭಸಂಭವ ದೇವಾಡಿಗ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಮನೆಯಲ್ಲಿ ಮದುವೆಯಿರಲಿ, ಮನೆಯೊಕ್ಕಲಿರಲಿ, ಸತ್ತವರ ಬೊಜ್ಜವಿರಲಿ, ಶಾಮಿಯಾನ, ಕುರ್ಚಿ, ಅನ್ನದ ಕೊಪ್ಪರಿಗೆ ಅವನವೇ. ವಯಸ್ಸು ನಲವತ್ತನ್ನು ದಾಟಿ ಹಿಂತಿರುಗಿ ನೋಡುತ್ತಿತ್ತು. ಮಾತು ಕಡಿಮೆ. ಕುರ್ಚಿಯ ಕಾಲು ಮುರಿದು ತಂದುಕೊಟ್ಟರೂ ‘ಅಡ್ಡಿಲ್ಲೆ’ ಅನ್ನುತ್ತಿದ್ದ, ಶಾಮಿಯಾನಕ್ಕೆ ಬೆಂಕಿಯ ಕಿಡಿ ಬಿದ್ದರೂ ‘ಅಡ್ಡಿಲ್ಲೆ’. ಊರಿಗೆಲ್ಲ ಮದುವೆಯ ಚಪ್ಪರ ಎಬ್ಬಿಸಿದವನಿಗೆ ತನ್ನ ಮದುವೆಯ ಚಪ್ಪರಕ್ಕೊಂದು ಕಂಬ ನೆಡುವ ಯೋಗ ಬಂದಿರಲಿಲ್ಲ.

ಆ ಹೆಸರು ಅವನಿಗೆ ಬಂದದ್ದು ಅಪ್ಪನ ಆಸೆಯಿಂದ. ಅಪ್ಪ ನಾಗ ದೇವಾಡಿಗರು ದೇವಸ್ಥಾನದಲ್ಲಿ ಡೋಲು ಬಾರಿಸುತ್ತಿದ್ದವರು. ಮಗ ಹುಟ್ಟಿದಾಗ ಭಟ್ಟರ ಬಳಿ ಹೋಗಿ, ‘ನಮ್ಮೂರ್ ದೇವ್ರ್ ಹೆಸ್ರೇ ಬೇಕ್, ಆರೆ ಬೇರೆ ಯಾರಿಗೂ ಇಪ್ಪುಕಾಗ’ ಎಂದು ಕೇಳಿದರು. ನಮ್ಮೂರ ದೇವರು ಅಗಸ್ತ್ಯ ಮುನಿಯ ಹೆಸರಿನವನು. ಅಗಸ್ತ್ಯರು ಹುಟ್ಟಿದ್ದು ಕೊಡದಲ್ಲಿ. ಆ ದಿನ ಭಟ್ಟರಿಗೆ ಕಾಫಿ ಚೆನ್ನಾಗಿ ಕುದುರಿತ್ತೋ ಏನೋ, ‘ಕುಂಭಸಂಭವ’ ಎಂದು ಅಪ್ಪಣೆ ಕೊಡಿಸಿದರು. ನಾಗ ದೇವಾಡಿಗರು ಅರ್ಥ ಕೇಳಲಿಲ್ಲ. ಡೋಲಿನ ಮೇಲೆ ನುಡಿಸಿ ನೋಡುವವರ ಹಾಗೆ ಬಾಯೊಳಗೆ ಒಮ್ಮೆ ಹೇಳಿಕೊಂಡು, ‘ತೂಕ ಇತ್ತ್’ ಎಂದು ಒಪ್ಪಿ ಬಂದರು. ಊರು ಅದನ್ನು ಸಂಬಣ್ಣ ಎಂದು ಕತ್ತರಿಸಿಕೊಂಡಿತು. ತಾಯಿ ಸುಗಂಧಿಯ ಬಾಯಲ್ಲಿ ಅದು ಸಂಬು ಆಯಿತು. ಪೂರ್ತಿ ಹೆಸರು ಆಧಾರ್ ಕಾರ್ಡಿನಲ್ಲಿ ಹಾಯಾಗಿ ನಿದ್ದೆ ಹೊಡೆಯುತ್ತಿತ್ತು, ಪಕ್ಕದ ಮನೆಗೆ ರವಿರಾಜ್ ಮಾಷ್ಟ್ರು ಬರುವವರೆಗೆ.

ರವಿರಾಜ್ ಮಾಷ್ಟ್ರು ಕೋಟದವರು, ಹೈಸ್ಕೂಲಿನ ಇಂಗ್ಲಿಷ್ ಮಾಷ್ಟ್ರು. ಸಂಜೆ ಜಗಲಿಯಲ್ಲಿ ಟ್ಯೂಷನ್. ಅವರ ಜಗಲಿಗೂ ಸುಗಂಧಿಯ ಅಂಗಳಕ್ಕೂ ನಡುವೆ ಒಂದು ದಾಸವಾಳದ ಬೇಲಿ ಮಾತ್ರ. ಮಕ್ಕಳಿಗೆ ಇಂಗ್ಲಿಷ್ ಯಾಕೆ ತಲೆಗೆ ಹತ್ತುವುದಿಲ್ಲ ಎಂದು ಬಹಳ ವರ್ಷ ಚಿಂತಿಸಿ ಅವರು ಒಂದು ಸತ್ಯ ಕಂಡುಕೊಂಡಿದ್ದರು: ರಾಮ ಎಂಬ ಹೆಸರು ತೀರಾ ಸಣ್ಣದು. ‘ರಾಮ’ ಎಂದು ಬಾಯಿ ಮುಚ್ಚುವಷ್ಟರಲ್ಲಿ ಮುಂದಿನ ಶಬ್ದ ಬೇಕು, ಮಗುವಿಗೆ ಅದು ನೆನಪಾಗಿರುವುದಿಲ್ಲ. ‘ಕುಂಭಸಂಭವ’ ಎಂದರೆ ಹಾಗಲ್ಲ. ಆ ಹೆಸರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಮುಟ್ಟುವ ಹೊತ್ತಿಗೆ ಎಂಥ ದಡ್ಡನಿಗೂ ಕ್ರಿಯಾಪದ ಹೊಳೆಯುತ್ತದೆ. ಮೇಲಾಗಿ ಮನುಷ್ಯ ಕಣ್ಣೆದುರೇ ಇದ್ದಾನೆ. ಬೇಲಿಯಾಚೆ ಕೈ ತೋರಿಸಿ ‘ಕುಂಭಸಂಭವ ಈಸ್ ವಾಷಿಂಗ್ ದ ಚೇರ್ಸ್’ ಎಂದರೆ ಸಾಕು, ಪಾಠ ಮುಗಿಯಿತು.

ಹೀಗೆ ನಮ್ಮ ಸಂಬಣ್ಣ ಇಂಗ್ಲಿಷಿಗೆ ಕಾಲಿಟ್ಟ. ಮತ್ತೆ ಹೊರಬರಲಿಲ್ಲ. ವರ್ಷವರ್ಷವೂ ಹೊಸ ಮಕ್ಕಳು ಬಂದರು, ಹಳಬರು ಹೋದರು. ಕುಂದಾಪುರದ ಬ್ಯಾಂಕಿನಲ್ಲಿ ಒಮ್ಮೆ ಕೌಂಟರಿನ ಹುಡುಗಿ ಸ್ವಾತಿ ಅವನ ಪಾಸ್‌ಬುಕ್ ನೋಡಿ ಕುರ್ಚಿಯಿಂದ ಎದ್ದು ನಿಂತಳು. ‘ಹ್ವಾಯ್, ನೀವು ನಿಜವಾಗಿ ಇದ್ರಿಯಾ?’ ಎಂದು ಕೇಳಿದಳು. ಸಂಬಣ್ಣ ತನ್ನನ್ನೇ ಒಮ್ಮೆ ಕೆಳಗಿನಿಂದ ಮೇಲೆ ನೋಡಿಕೊಂಡು ‘ಇದ್ದೆ’ ಎಂದ. ಅವಳಿಗೆ ಅಳುವೇ ಬಂತು. ‘ನಿಮ್ಮಿಂದಾಯಿ ನಂಗೆ ಎಸ್ಸೆಲ್ಸಿಯಂಗೆ ಫಸ್ಟ್ ಕ್ಲಾಸ್’ ಎಂದಳು. ಸಂಬಣ್ಣ ‘ಅಡ್ಡಿಲ್ಲೆ’ ಎಂದು ದುಡ್ಡು ಕಟ್ಟಿ ಬಂದ.

ಸುಗಂಧಿಗೆ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಬೇಲಿಯಾಚೆಯಿಂದ ತನ್ನ ಮಗನ ಹೆಸರು ಮಕ್ಕಳ ಬಾಯಲ್ಲಿ ಭಜನೆಯ ಹಾಗೆ ಕೇಳಿಬಂದಾಗ ಅವಳು ದೇವರಿಗೂ ಬೇಲಿಗೂ ಒಟ್ಟಿಗೇ ಕೈಮುಗಿಯುತ್ತಿದ್ದಳು. ಈ ಸಂತೋಷ ಹಲವು ವರ್ಷ ಯಾವ ವಿಘ್ನವೂ ಇಲ್ಲದೆ ನಡೆಯಿತು. ಅದು ಕೆಟ್ಟದ್ದು ಕಳೆದ ಮಳೆಗಾಲದಲ್ಲಿ. ಟ್ಯೂಷನ್ ಬಿಟ್ಟು ಅಂಗಳ ದಾಟುತ್ತಿದ್ದ ಪ್ರೇಕ್ಷಾ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಸುಗಂಧಿ ಸುಮ್ಮನೆ ನಿಲ್ಲಿಸಿ ಕೇಳಿದಳು:

‘ಏ ಹೆಣೆ, ನಮ್ ಸಂಬು ಹೆಸ್ರ್ ಹಿಡ್ದ್ ಎಂತದೋ ಕೂಗ್ತಿದ್ರಿ ಅಲ್ದಾ, ಎಂತ ಅದ್?’

‘ಕುಂಭಸಂಭವ ಹ್ಯಾಸ್ ಫಾಲನ್ ಫ್ರಮ್ ದ ಟ್ರೀ.’

‘ಅಂದ್ರೆ?’

‘ಸಂಬಣ್ಣ ಮರದ ಮೇಲಿಂದ ಬಿದ್ದಿದ ಅಂದೇಳಿ.’

‘ಅಯ್ಯೋ! ಯಾವಾಗ?’

‘ಈಗಷ್ಟೇ ಅಜ್ಜಿ. ಈಗಷ್ಟೇ ಬಿದ್ರೆ ಹ್ಯಾಸ್ ಬತ್ತ್.’

ಸುಗಂಧಿ ಕೈಯಲ್ಲಿದ್ದ ದೀಪದ ಬತ್ತಿ ಅಲ್ಲೇ ಹಾಕಿ ಹಿತ್ತಿಲಿಗೆ ಓಡಿದಳು. ಸಂಬಣ್ಣ ಯಾವ ಮರದಿಂದಲೂ ಬಿದ್ದಿರಲಿಲ್ಲ, ಗಂಜಿಯ ಕೊಪ್ಪರಿಗೆ ತಿಕ್ಕುತ್ತಿದ್ದ. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ಪಿಕಪ್ಪಿನ ಹಿಂದಿನಿಂದ ಇಳಿಯುವಾಗ ಕಾಲು ಜಾರಿ ಅವನು ನಿಜವಾಗಿಯೂ ಬಿದ್ದ. ಪಾದ ಹಲಸಿನಕಾಯಿಯ ಹಾಗೆ ಊದಿತು. ಮಳೆಗಾಲದಲ್ಲಿ ಅವನು ವಾರಕ್ಕೊಮ್ಮೆಯಾದರೂ ಜಾರುವವನೇ ಎಂಬುದು ಯಾರಿಗೂ ನೆನಪಾಗಲಿಲ್ಲ, ಸುಗಂಧಿಗಂತೂ ಇಲ್ಲ. ಅವಳ ಮನಸ್ಸಿನಲ್ಲಿ ಬೇರೆಯೇ ಒಂದು ಲೆಕ್ಕ ಕೂಡಿತ್ತು. ಮುಸ್ಸಂಜೆಯ ಹೊತ್ತಿಗೆ ಅಸ್ತು ದೇವತೆ ಮನೆಮನೆಯ ಮೇಲೆ ಸುತ್ತುತ್ತಾಳೆ. ಆಗ ಯಾರ ಬಾಯಲ್ಲಿ ಏನು ಬಂದರೂ ‘ಅಸ್ತು, ಹಾಗೇ ಆಗಲಿ’ ಎಂದು ಹೋಗುತ್ತಾಳೆ. ಅದಕ್ಕೇ ಹಿರಿಯರು ಆ ಹೊತ್ತಿನಲ್ಲಿ ಅಪಶಕುನ ನುಡಿಯಬೇಡಿ ಎನ್ನುವುದು. ಮಾಷ್ಟ್ರ ಟ್ಯೂಷನ್ ಶುರುವಾಗುವುದೂ ಸರಿಯಾಗಿ ಅದೇ ಹೊತ್ತಿಗೆ.

ಅವಳು ಸೆರಗು ಸಿಕ್ಕಿಸಿಕೊಂಡು ಬೇಲಿ ದಾಟಿದಳು.

‘ಹ್ವಾಯ್ ಮಾಷ್ಟ್ರೆ! ನನ್ ಮಗ ನಿಮ್ಗ್ ಎಂತ ಅನ್ಯಾಯ ಮಾಡಿದ್ದ?’

‘ಎಂತಾಯ್ತ್ ಸುಗಂಧಕ್ಕ? ಕೂಕಣಿ.’

‘ಕೂಕಂಬುದ್ ಎಂತ! ಮೂರ್ಸಂಜಿ ಹೊತ್ತಿಗ್ ಇಷ್ಟ್ ಮಕ್ಕ್ಳ್ ಒಟ್ಟಿಗೆ ನನ್ ಮಗ ಬಿದ್ದ, ನನ್ ಮಗ ಸತ್ತ, ಹುಲಿ ತಿಂತ್ ಅಂದೇಳಿ ಕೂಗ್ರೆ, ಅಸ್ತು ದೇವತೆ ಅಸ್ತು ಅಂದ್ರೆ ಯಾರ್ ಜವಾಬ್ದಾರಿ?’

ಮಾಷ್ಟ್ರು ನಕ್ಕರು. ‘ಅಸ್ತು ದೇವತೆಗೆ ಇಂಗ್ಲಿಷ್ ಬತ್ತಾ ಸುಗಂಧಕ್ಕ?’

‘ಸಂಸ್ಕೃತ ಬಪ್ಪೋರಿಗೆ ಇಂಗ್ಲಿಷ್ ಎಂತ ಮಹಾ? ಕೋಟದೋರಿಗೇ ಬತ್ತ್ ಅಲ್ದಾ?’

ಮಕ್ಕಳು ಕಿಸಕ್ಕನೆ ನಕ್ಕವು. ಮಾಷ್ಟ್ರು ಕನ್ನಡಕ ಸರಿಮಾಡಿಕೊಂಡರು. ‘ಅಲ್ಲ ಅಕ್ಕ, ಎಲ್ಲ ಪುಸ್ತಕದಂಗೂ ಹೀಂಗೇ. ರಾಮ ಬಿದ್ದ, ಗೋಪಾಲ ಸತ್ತ ಅಂದೇಳಿ ದೇಶ ಇಡೀ ಹೇಳ್ತ್ರ್. ಯಾವ ರಾಮನಿಗೆ ಎಂತ ಆಯಿತ್?’

‘ಅದೇ ನಾ ಹೇಳುದ್!’ ಸುಗಂಧಿ ತೊಡೆ ತಟ್ಟಿದಳು. ‘ರಾಮ ಅಂದ್ರೆ ಊರಂಗೆ ರಾಶಿ ರಾಮ ಇದ್ರ್. ದೇವತೆ ಅಸ್ತು ಅಂದ್ರೂ ಯಾವ ರಾಮ ಗೊತ್ತಾಗ್ದೆ ತಿರ್ಗಿ ತಿರ್ಗಿ ಸಾಕಾಯಿ ಹಾಂಗೇ ಹೋತ್ತ್. ಕುಂಭಸಂಭವ ಅಂದ್ರೆ? ಗೋವೆಯಿಂದ ಕಾಸರಗೋಡಿನ್ ತನ್ಕ ಹುಡ್ಕಿ, ಒಬ್ಬನೇ! ಸೀದಾ ನಮ್ಮನಿ ಬಾಗ್ಲಿಗೇ ಬತ್ತ್!’

ಈ ತರ್ಕವನ್ನು ಮುರಿಯಲು ಮಾಷ್ಟ್ರಿಗೆ ಆಗಲಿಲ್ಲ. ಊರಿನಲ್ಲಿ ಬೇರೆ ಯಾರಿಗೂ ಆಗಿಲ್ಲ. ಅಂಚೆಯವನಿಗೆ ಏನು ಬೇಕೋ ದೇವತೆಗೂ ಅದೇ ಬೇಕು ಎಂಬುದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಹೆಸರು ಬಿಡಲು ಮಾಷ್ಟ್ರು ಒಪ್ಪಲಿಲ್ಲ, ಅದು ಅವರ ವಿದ್ಯೆಯ ಜೀವ. ಮಗನನ್ನು ಕೊಡಲು ಸುಗಂಧಿ ಒಪ್ಪಲಿಲ್ಲ, ಅವಳ ಜೀವ ಅವನು. ಕೊನೆಗೆ ಒಪ್ಪಂದವಾಯಿತು: ವಾಕ್ಯದಲ್ಲಿ ಕುಂಭಸಂಭವ ಇರಬಹುದು, ಆದರೆ ಅವನಿಗೆ ಒಳ್ಳೆಯದೇ ಆಗಬೇಕು. ಬದಲಿಗೆ ವಾರಕ್ಕೊಮ್ಮೆ ಮಕ್ಕಳಿಗೆಲ್ಲ ಸುಗಂಧಿಯ ಕೈಯ ಸಿಹಿ ಹಾಲುಬಾಯಿ.

ಅಂದಿನಿಂದ ನಮ್ಮ ವೀರನ ಬಾಳು ಬೆಳಗಿತು. ಹುಲಿ ಅವನನ್ನು ಕಂಡು ಓಡತೊಡಗಿತು. ಅವನಿಗೆ ಬಹುಮಾನಗಳು ಬಂದವು, ಪ್ರತಿದಿನ ಬೇಗ ಏಳತೊಡಗಿದ, ಎಂದೂ ಸುಳ್ಳು ಹೇಳಲಿಲ್ಲ. ಡಾಕ್ಟರು ಬರುವ ಮುಂಚೆ ಸಾಯುತ್ತಿದ್ದವನು ಡಾಕ್ಟರು ಬರುವ ಮುಂಚೆ ಗುಣವಾದ. ಅದೇ ವಾರ ಅವನಿಗೆ ಕುಂದಾಪುರದಲ್ಲಿ ಒಂದು ದೊಡ್ಡ ಗೃಹಪ್ರವೇಶದ ಆರ್ಡರ್ ಬಂದದ್ದೇ ಬಂದದ್ದು, ಮಾಷ್ಟ್ರ ವಾಕ್ಯ ಫಲಿಸುತ್ತದೆಂಬ ಸುದ್ದಿ ಊರೆಲ್ಲ ಹರಡಿತು.

ಮೊದಲು ಬಂದವಳು ಕೆಳಮನೆಯ ಬಾಗಿ. ಅವಳ ದನ ಎರಡು ವರ್ಷದಿಂದ ಗಬ್ಬವಾಗಿರಲಿಲ್ಲ. ‘ಮಾಷ್ಟ್ರೆ, ಗೌರಿ ಕರು ಹಾಕ್ತ್ ಅಂದೇಳಿ ಒಂದ್ ಇಂಗ್ಲಿಷ್ ಮಾಡಿ’ ಎಂದಳು. ಮಾಷ್ಟ್ರು ತಲೆ ತಪ್ಪಿಸಿಕೊಳ್ಳಲು ಸುಗಂಧಿಯ ತರ್ಕವನ್ನೇ ಬೀಸಿದರು: ಗೌರಿ ಎಂಬ ದನ ಊರಿಡೀ ಇದೆ, ಕರು ಯಾರ ಕೊಟ್ಟಿಗೆಗೆ ಹೋದೀತೋ ಹೇಳಲಾಗದು. ಬಾಗಿ ಸೋಲುವವಳಲ್ಲ. ಸೀದಾ ಭಟ್ಟರ ಬಳಿ ಹೋಗಿ ದನಕ್ಕೆ ಹೊಸ ಹೆಸರು ಮಾಡಿಸಿಕೊಂಡು ಬಂದಳು. ಆ ವಾರ ನಮ್ಮೂರ ಮಕ್ಕಳು ‘ಕ್ಷೀರಸಾಗರತನಯೆ ವಿಲ್ ಹ್ಯಾವ್ ಎ ಕಾಫ್’ ಎಂಬ ವಾಕ್ಯದಲ್ಲಿ ನಾಲಗೆ ಕಚ್ಚಿಕೊಂಡವು. ದನ ಮಾತ್ರ ಹೊಸ ಹೆಸರಿಗೆ ತಿರುಗಿಯೂ ನೋಡಲಿಲ್ಲ.

ಇನ್ನು ಮುಖ್ಯ ಸಂಗತಿಗೆ ಬರೋಣ.

ಮಾಗಿಯಲ್ಲಿ ಬ್ರಹ್ಮಾವರದ ಒಂದು ಸಭಾಭವನಕ್ಕೆ ಸಂಬಣ್ಣ ಕುರ್ಚಿ ಹಾಕಲು ಹೋಗಿದ್ದ. ಮದುವೆ ಮುಗಿಯಿತು, ಜನ ಊಟ ಮಾಡಿ ಕೈ ತೊಳೆದು ಎದ್ದು ಹೋದರು. ಮದುವೆಯ ಜನ ಎದ್ದುಹೋದ ಕುರ್ಚಿಗಳು ಹೇಗಿರುತ್ತವೆ ಎಂಬುದು ಕುರ್ಚಿಯವನಿಗೇ ಗೊತ್ತು. ಅಂಥ ಕುರ್ಚಿಗಳ ನಡುವಿನಿಂದ ಒಬ್ಬ ಹೆಂಗಸು ಎದ್ದಳು, ತಾನು ಕೂತ ಕುರ್ಚಿಯ ಮೇಲೆ ಬಿದ್ದ ಅನ್ನದಗುಳನ್ನು ಒರೆಸಿದಳು, ಎತ್ತಿ ಅಟ್ಟಿಯ ಮೇಲೆ ಇಟ್ಟಳು, ಹೋದಳು. ಸಂಬಣ್ಣ ಕಂಬ ಹಿಡಿದುಕೊಂಡು ನಿಂತೇ ಇದ್ದ. ಅವನ ವೃತ್ತಿಜೀವನದಲ್ಲಿ ಇಂಥದ್ದೊಂದು ನಡೆದಿರಲಿಲ್ಲ.

ಆ ಸಂಜೆ ಮನೆಗೆ ಬಂದವನು ‘ಅಡ್ಡಿಲ್ಲೆ’ಗಿಂತ ಉದ್ದದ ಮಾತಾಡಿದ. ‘ಅಬ್ಬೀ, ಒಂದ್ ಹೆಣ್ಣ್ ಕಂಡೆ. ಆದ್ರೆ ಅದೇ ಆಯ್ಕ್, ಇಲ್ದಿರೆ ಯಾವ್ದೂ ಬ್ಯಾಡ’ ಎಂದ. ಸುಗಂಧಿ ಕೈಯಲ್ಲಿದ್ದ ಸಟ್ಟುಗವನ್ನು ಹಾಗೇ ಹಿಡಿದುಕೊಂಡು ಅರ್ಧ ಗಂಟೆ ಅತ್ತಳು.

ವಿಚಾರಿಸಿದಾಗ ಹೆಸರು ಪ್ರಫುಲ್ಲಾ ಎಂದು ತಿಳಿಯಿತು. ಬ್ರಹ್ಮಾವರದ ಪೇಟೆಯಲ್ಲಿ ಹೊಲಿಗೆ ಅಂಗಡಿ, ಮನೆ ಪಡುಬದಿಯಲ್ಲಿ, ಹೊಳೆ ಸಮುದ್ರ ಸೇರುವ ಕಡೆ. ಅಪ್ಪನಿಲ್ಲ. ಸೋದರಮಾವ ದುಗ್ಗಪ್ಪಣ್ಣನೇ ಹಿರಿಯ. ವಯಸ್ಸು ಮೂವತ್ತೈದು ದಾಟಿದ್ದರೂ ಬಂದ ಗಂಡುಗಳನ್ನೆಲ್ಲ ಅವಳೇ ಬೇಡವೆಂದವಳು. ದುಬೈಯವನನ್ನು ಬೇಡವೆಂದಿದ್ದಳು, ಮುಂಬೈಯಲ್ಲಿ ಸ್ವಂತ ಹೋಟೆಲಿದ್ದವನನ್ನು ಬೇಡವೆಂದಿದ್ದಳು, ಬೋಟು ಇದ್ದವನ ಮನೆಗೆ ಹೋಗಿ ಅರ್ಧ ಗಂಟೆಯಲ್ಲಿ ಎದ್ದು ಬಂದಿದ್ದಳು. ಅವಳಿಗೆ ಏನು ಬೇಕೆಂದು ಹೆತ್ತ ತಾಯಿಗೂ ಗೊತ್ತಿರಲಿಲ್ಲ. ಗಂಡಿನ ಮನೆ ನೋಡದೆ ಮಾತಿಲ್ಲ ಎಂಬುದೊಂದೇ ಅವಳ ಹಟ. ಸರಿ, ಭಾನುವಾರ ಮಧ್ಯಾಹ್ನದ ಮೇಲೆ ಮಾವನೊಂದಿಗೆ ಬಂದು ನೋಡುವುದೆಂದು ವಾಟ್ಸಾಪಿನಲ್ಲಿ ನಿಶ್ಚಯವಾಯಿತು.

ಸುಗಂಧಿ ಮತ್ತೆ ಬೇಲಿ ದಾಟಿದಳು. ಈ ಸಲ ಹಾಲುಬಾಯಿಯ ಹರಿವಾಣ ಕೈಯಲ್ಲೇ ಇತ್ತು.

‘ಮಾಷ್ಟ್ರೆ, ಈ ವಾರ ಮದಿಯದ್ದೇ ಆಯ್ಕ್.’

‘ಅಡ್ಡಿಲ್ಲೆ ಸುಗಂಧಕ್ಕ. ಕುಂಭಸಂಭವ ವಿಲ್ ಮ್ಯಾರಿ. ಮುಂದೆ ಮದಿ ಆತ.’

‘ಆತ ಅಂದ್ರೆ ಯಾವಾಗ ಆತ? ದೇವತೆ ಅಸ್ತು ಅಂದ್ ಹೋಪುದ್, ಇವ ಅರ್ವತ್ ವರ್ಷಕ್ಕ್ ಆಪುದ್! ಆತ ಬ್ಯಾಡ. ಆಯ್ತ್ ಅಂದೇಳಿಯೇ ಹೇಳ್ಸಿ. ಮನಿ ಇತ್ತ್, ಚಂದದ್ ಹೆಂಡ್ತಿ ಇದ್ಳ್, ಮೂರ್ ಮಕ್ಕ್ಳ್ ಇದ್ದೊ. ಎಲ್ಲ ಆಗಿ ಮುಗ್ದದ್ದ್.’

ಮಾಷ್ಟ್ರಿಗೂ ಅನುಕೂಲವೇ ಆಯಿತು. ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು, ವಾಕ್ಯ ಜೋಡಿಸುವ ಅಭ್ಯಾಸ ಬಾಕಿಯಿತ್ತು. ಕಪ್ಪು ಹಲಗೆಯ ಮೇಲೆ ಒಂದು ಕೋಷ್ಟಕ ಬರೆದರು. ಎಡಗಡೆ ಕುಂಭಸಂಭವ, ನಡುವೆ ಹ್ಯಾಸ್, ಬಲಗಡೆ ಅವನ ಸಕಲ ಐಶ್ವರ್ಯ. ಮಕ್ಕಳು ಬಲಗಡೆಯಿಂದ ಒಂದೊಂದೇ ಎತ್ತಿಕೊಂಡು ರಾಗವಾಗಿ ಹೇಳುತ್ತ ಹೋಗುವುದು. ಪರೀಕ್ಷೆಯ ಕಾಲವಾದ್ದರಿಂದ ಭಾನುವಾರವೂ ಕ್ಲಾಸು.

ಭಾನುವಾರ ಬಂತು. ಬರುವುದು ಇಬ್ಬರೇ ಆದರೂ ಸಂಬಣ್ಣ ತನ್ನ ಕಸುಬಿಗೆ ದ್ರೋಹ ಬಗೆಯಲಿಲ್ಲ. ಅಂಗಳ ತುಂಬ ಕುರ್ಚಿ ಹಾಕಿದ. ನಮ್ಮೂರಿನಲ್ಲಿ ಹಾಕಿದ ಕುರ್ಚಿ ಖಾಲಿ ಇರುವ ಪದ್ಧತಿಯಿಲ್ಲ. ದಾರಿಯಲ್ಲಿ ಹೋಗುವವರು ಒಬ್ಬೊಬ್ಬರೇ ಬಂದು ಕೂತರು. ಕೆಲವರಿಗೆ ಏನು ಕಾರ್ಯಕ್ರಮವೆಂದೂ ಗೊತ್ತಿರಲಿಲ್ಲ. ಬಾಗಿ ಮೊದಲ ಸಾಲಿನಲ್ಲಿ ಕವಳ ಜಗಿಯುತ್ತ ಕೂತಿದ್ದಳು.

ಮೂರು ಗಂಟೆಯಾಯಿತು, ನಾಲ್ಕಾಯಿತು, ಹೆಣ್ಣಿನ ಕಡೆಯವರು ಬರಲಿಲ್ಲ. ಆದದ್ದಿಷ್ಟು. ಕುಂದಾಪುರದಲ್ಲಿ ಬಸ್ಸು ತಪ್ಪಿ, ಇನ್ನೊಂದನ್ನು ಹಿಡಿದು ಅವರು ಕಿರಿಮಂಜೇಶ್ವರದಲ್ಲಿ ಇಳಿಯುವ ಹೊತ್ತಿಗೆ ನಾಲ್ಕೂವರೆ. ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು. ಗಂಡಿನ ಮನೆ ಕಲ್ಲೆಸೆಯುವಷ್ಟು ದೂರದಲ್ಲಿ ಕಾಣುತ್ತಿದ್ದರೂ ದುಗ್ಗಪ್ಪಣ್ಣ ರಾಹುಕಾಲದಲ್ಲಿ ಹೊಸ್ತಿಲು ಮೆಟ್ಟುವ ಪೈಕಿಯಲ್ಲ. ಸೊಸೆಯನ್ನು ಕರೆದುಕೊಂಡು ಎದುರಿನ ಹೋಟೆಲಿಗೆ ಹೋಗಿ ಬನ್ಸ್ ತಿಂದ. ಆಮೇಲೆ ಗೋಳಿಬಜೆ ತಿಂದ. ರಾಹು ಹೋದದ್ದು ಗಡಿಯಾರದಲ್ಲಿ ಖಚಿತವಾದ ಮೇಲೂ, ಹೋಗುವಾಗ ಬಾಲ ಸ್ವಲ್ಪ ಉಳಿದಿದ್ದರೆ ಎಂದು ಇನ್ನೊಂದು ಚಹಾ ಕುಡಿದು ಎದ್ದ. ಹೀಗೆ ಕೆಟ್ಟ ಗಳಿಗೆಯನ್ನು ಬಹಳ ಜಾಣತನದಿಂದ ತಪ್ಪಿಸಿಕೊಂಡು ದುಗ್ಗಪ್ಪಣ್ಣ ಅಂಗಳಕ್ಕೆ ದಾಟುವ ದಣಪೆಯ ಬಳಿ ಬಂದು ಮುಟ್ಟಿದಾಗ ಸರಿಯಾಗಿ ದೀಪ ಹಚ್ಚುವ ಹೊತ್ತು.

ದುಗ್ಗಪ್ಪಣ್ಣ ಮುಂಬೈಯ ಆಫೀಸೊಂದರ ಕ್ಯಾಂಟೀನಿನಲ್ಲಿ ಆಯುಷ್ಯ ಕಳೆದವನು. ಇಂಗ್ಲಿಷ್ ಮಾತಾಡಲು ಬಾರದಿದ್ದರೂ ಕಿವಿಗೆ ಬಿದ್ದದ್ದೆಲ್ಲ ತಿಳಿಯುತ್ತಿತ್ತು. ದಣಪೆಯ ಮೇಲೆ ಕೈಯಿಟ್ಟದ್ದೇ, ಬೇಲಿಯಾಚೆಯಿಂದ ಮಕ್ಕಳ ಕಂಠ ಒಟ್ಟಿಗೆ ಏರಿತು:

‘ಕುಂಭಸಂಭವ ಹ್ಯಾಸ್ ಎ ಬಿಗ್ ಹೌಸ್!’

ದುಗ್ಗಪ್ಪಣ್ಣನ ಮುಖ ಅರಳಿತು.

‘ಕುಂಭಸಂಭವ ಹ್ಯಾಸ್ ಎ ಬ್ಯೂಟಿಫುಲ್ ವೈಫ್!’

ಅರಳಿದ ಮುಖ ಹಾಗೇ ನಿಂತಿತು.

‘ಕುಂಭಸಂಭವ ಹ್ಯಾಸ್ ತ್ರೀ ಚಿಲ್ಡ್ರನ್!’

‘ಪ್ರಫುಲ್ಲಾ, ನಿಲ್ಲ್!’ ದುಗ್ಗಪ್ಪಣ್ಣ ಕೊಡೆಯನ್ನು ಅಡ್ಡ ಹಿಡಿದ. ‘ಒಳ್ಗ್ ಹೋಪುದ್ ಬ್ಯಾಡ. ಇವನಿಗೆ ಹೆಂಡ್ತಿ ಇದ್ಳಂಬ್ರ್. ಚಂದ ಬೇರೆ ಇದ್ಳಂಬ್ರ್! ಮೂರ್ ಮಕ್ಕ್ಳಂಬ್ರ್!’

‘ಯಾರ್ ಹೇಳಿದ್ ಮಾವಯ್ಯ?’

‘ಊರಿನ್ ಮಕ್ಕ್ಳೇ ಹೇಳ್ತಿದ್ದೊ! ಹಾಡ್ ಕಟ್ಟಿ ಹೇಳ್ತಿದ್ದೊ!’

ಸುಗಂಧಿ ಆರತಿಯ ತಟ್ಟೆ ಬಿಟ್ಟು ಓಡಿ ಬಂದಳು. ‘ಅಯ್ಯಯ್ಯೋ, ಅದ್ ನಾನೇ ಹೇಳ್ಸದ್ದ್ ದುಗ್ಗಪ್ಪಣ್ಣ!’

‘ಕೇಂಡ್ಯಾ? ಅಬ್ಬಿಯೇ ಒಪ್ಕಂಡ್ರ್!’

ಮಾಷ್ಟ್ರು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಬೇಲಿ ಹಾರಿದರು. ‘ಹ್ವಾಯ್, ಹಾಂಗಲ್ಲ ಮಾರಾಯ್ರೆ. ಅದ್ ಪಾಠ. ಹೆಂಡ್ತಿ ಗಿಂಡ್ತಿ ಎಂತದೂ ಇಲ್ಲೆ.’

‘ಇಲ್ದಿರೆ ಮಕ್ಕ್ಳ್ ಸುಳ್ಳ್ ಹೇಳ್ತೊವಾ? ನೀವ್ ಮಕ್ಕ್ಳಿಗೆ ಸುಳ್ಳ್ ಕಲ್ಸುದಾ? ಹೆಂಡ್ತಿ ಎಲ್ಲಿದ್ಳ್ ಹೇಳಿ!’

‘ಬೋರ್ಡಿನ್ ಮೇಲೆ ಇದ್ಳ್’ ಎಂದಳು ಪ್ರೇಕ್ಷಾ, ಬೇಲಿಯ ಸಂದಿನಿಂದ ತಲೆ ಹಾಕಿ, ಬಹಳ ಸತ್ಯವಾಗಿ.

ಗಲಾಟೆ ಏರಿತು. ಕುರ್ಚಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಮೂರ್ಸಂಜೆ, ಅಸ್ತು ದೇವತೆ, ಒಂದೇ ಒಂದು ಹೆಸರು, ಸೀದಾ ಬಾಗಿಲಿಗೆ ಬರುವುದು ಎಂದು ಸುಗಂಧಿ ವಿವರಿಸಲು ಹೊರಟರೆ, ದುಗ್ಗಪ್ಪಣ್ಣನಿಗೆ ಮದುವೆಯಾದ ಗಂಡಿನ ಜೊತೆಗೆ ಈ ಮನೆಯಲ್ಲಿ ಏನೋ ಮಾಟಮಂತ್ರವೂ ಇದೆ ಎನಿಸಿತು. ಆಗ ಬಾಗಿ ಕವಳ ಉಗುಳಿ ಬಂದು ನಡುವೆ ನಿಂತಳು. ಅವಳಿಗೆ ಸಂಬಣ್ಣನ ಮೇಲೆ ಪ್ರೀತಿ ಇತ್ತು.

‘ಕಾಣಿ ದುಗ್ಗಪ್ಪಣ್ಣ, ಸತ್ಯ ಹೇಳ್ತೆ. ಈ ಹೈದ ಹುಟ್ಟಿದಾಗಿಂದ ನಾ ಕಾಂತಿದ್ದೆ. ಇಷ್ಟ್ ವರ್ಷದಂಗೆ ಒಂದ್ ಹೆಣ್ಣಾರೂ ಇವನ್ ಬದಿಗ್ ತಿರ್ಗಿ ಕಂಡದ್ದಿದ್ರೆ ನನ್ ಕಣ್ಣ್ ಹೋಯ್ಲಿ! ಇವನಿಗೆ ಹೆಣ್ಣ್ ಕೊಡುದ್ ಯಾರ್?’

ಊರವರೆಲ್ಲ ‘ಹೌದೌದು, ಯಾರೂ ಕೊಡುದಿಲ್ಲ’ ಎಂದು ಒಕ್ಕೊರಲಿನಿಂದ ಬೆಂಬಲಿಸಿದರು. ಮಾಷ್ಟ್ರು ಕೈಮುಗಿದು ಅವರನ್ನು ಸುಮ್ಮನಿರಿಸಲು ನೋಡಿದಷ್ಟೂ ಸಾಕ್ಷಿ ಹೇಳುವವರು ಹೆಚ್ಚಾದರು. ಇವನನ್ನು ಎಷ್ಟು ಮನೆಯವರು ಬೇಡವೆಂದರು, ಯಾಕೆ ಬೇಡವೆಂದರು, ಒಬ್ಬೊಬ್ಬರೂ ಹೆಸರು ಹೇಳಿ ವಿವರಿಸಿದರು. ಒಳ್ಳೆಯದೇ ಮಾಡುತ್ತಿದ್ದೇವೆಂದು ಎಲ್ಲರ ಮುಖದಲ್ಲೂ ತೃಪ್ತಿಯಿತ್ತು. ಸುಗಂಧಿ ತುಳಸಿಕಟ್ಟೆಯತ್ತ ತಿರುಗಿ ಕೈಮುಗಿದಳು.

ಈ ರಣರಂಗದಲ್ಲಿ ನಾಯಕನನ್ನು ಯಾರೂ ಗಮನಿಸಿರಲಿಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡಬೇಕು. ಅಮ್ಮ ಗಲಾಟೆಯಲ್ಲಿ ಮರೆತಿದ್ದಳು. ಅವನು ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲದ ಚೂರು, ಚೊಂಬಿನಲ್ಲಿ ನೀರು ತಂದ. ದಣಪೆಯ ಬಳಿ ಒಂದು ಕುರ್ಚಿ ಎಳೆದು, ಹೆಗಲ ಬೈರಾಸಿನಿಂದ ಒರೆಸಿ ಹಾಕಿದ. ಪ್ರಫುಲ್ಲಾ ಕೂತಳು. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಇನ್ನೊಮ್ಮೆ ಕುಡಿದಳು. ಆಮೇಲೆ ತಲೆಯೆತ್ತಿ ಅವನನ್ನು ಏನೋ ಕೇಳಿದಳು. ಅವನು ಏನೋ ಹೇಳಿದ. ಅವಳು ಮತ್ತೆ ಏನೋ ಕೇಳಿದಳು. ಅವನು ತಲೆಯಾಡಿಸಿದ. ಬಾಗಿಯ ಸಾಕ್ಷ್ಯದ ಅಬ್ಬರದಲ್ಲಿ ಒಂದಕ್ಷರವೂ ಯಾರಿಗೂ ಕೇಳಿಸಲಿಲ್ಲ.

ಅವಳು ಎದ್ದು ಬಂದು ದುಗ್ಗಪ್ಪಣ್ಣನ ಕೊಡೆಯನ್ನು ಕೆಳಗಿಳಿಸಿದಳು.

‘ಮಾವಯ್ಯ, ಸಾಕ್. ನಂಗೆ ಒಪ್ಗಿ ಇತ್ತ್.’

‘ಎಂತ? ಹೆಂಡ್ತಿ?’

‘ಹೆಂಡ್ತಿ ಇದ್ದಿದ್ರೆ ಬೆಲ್ಲ ನೀರ್ ಇವ್ರ್ ತಕಂಡ್ ಬತ್ತಿದ್ರಾ?’ ಎಂದಳು ಪ್ರಫುಲ್ಲಾ. ‘ಮದಿ ದಿನ ಕಾಣಿ. ಬ್ಯಾಸ್ಗಿ ಬಪ್ಪುಕ್ ಮುಂಚೆ ಆರೆ ಒಳ್ಳೆದ್.’

ಸಾಕ್ಷಿ ಹೇಳುತ್ತಿದ್ದವರು ಒಬ್ಬೊಬ್ಬರಾಗಿ ತಮ್ಮ ಕುರ್ಚಿಗೆ ಮರಳಿದರು. ಬೇಲಿಯಾಚೆ ಮಕ್ಕಳು ಮಾತ್ರ, ನಿಲ್ಲಿಸೆಂದು ಯಾರೂ ಹೇಳದ ಕಾರಣ, ಕುಂಭಸಂಭವನ ಮೂರು ಮಕ್ಕಳನ್ನು ಇನ್ನೂ ಸಾಕುತ್ತಿದ್ದವು.

ಮದುವೆ ಮಾರ್ಚಿನಲ್ಲಿ ಆಯಿತು. ಅಂದಿನಿಂದ ಊರಿನಲ್ಲಿ ಈ ಜಯ ಯಾರದ್ದೆಂಬ ಯುದ್ಧ ನಡೆಯುತ್ತಿದೆ. ಸುಗಂಧಿಯ ಪ್ರಕಾರ ಅಸ್ತು ದೇವತೆಯದ್ದು. ಹೆಂಡತಿ ಎಂಬ ಶಬ್ದ ಬಾಯಿಂದ ಬಿದ್ದ ಗಳಿಗೆಯಲ್ಲೇ ಹೆಂಡತಿ ದಣಪೆಯಲ್ಲಿ ನಿಂತಿದ್ದಳು, ಇದಕ್ಕಿಂತ ಸಾಕ್ಷಿ ಯಾವುದು ಬೇಕು? ಮಾಷ್ಟ್ರು ಸಾರ್ವಜನಿಕವಾಗಿ ನಗುತ್ತಾರಾದರೂ ತಮ್ಮ ಹೆಸರಿನಲ್ಲೇ ಕೋಟಕ್ಕೆ ವರ್ಗಾವಣೆಯಾದ ಒಂದು ವಾಕ್ಯ ಬರೆದು ಮಕ್ಕಳ ಬಾಯಲ್ಲಿ ಹಾಕಿದ್ದಾರೆಂದು ಪ್ರೇಕ್ಷಾ ಹೇಳುತ್ತಾಳೆ. ಬಾಗಿ ತಾನು ಸತ್ಯ ಹೇಳಿದ್ದರಿಂದಲೇ ಮದುವೆ ಕುದುರಿತೆಂದು ಸಿಕ್ಕಿದವರಿಗೆಲ್ಲ ಹೇಳುತ್ತಾಳೆ. ದುಗ್ಗಪ್ಪಣ್ಣ ರಾಹುಕಾಲ ತಪ್ಪಿಸಿದ್ದೇ ಕಾರಣವೆಂದು ಬ್ರಹ್ಮಾವರದಲ್ಲಿ ಸಾರಿದ್ದಾನೆ. ಅಂಗಳದಲ್ಲಿ ಅಂದು ಕೂತಿದ್ದವರು ಒಬ್ಬೊಬ್ಬರೂ ಸಂಬಣ್ಣ ಅವಳಿಗೆ ಹೇಳಿದ ಮಾತನ್ನು ತಾವು ಕಿವಿಯಾರೆ ಕೇಳಿದ್ದಾಗಿ ಬೇರೆ ಬೇರೆ ಮಾತು ಹೇಳುತ್ತಾರೆ. ಒಬ್ಬರ ಪ್ರಕಾರ ಅವನು ಪ್ರಾಣವನ್ನೇ ಕೊಡುತ್ತೇನೆ ಎಂದ. ಇನ್ನೊಬ್ಬರ ಪ್ರಕಾರ ಇಂಗ್ಲಿಷಿನಲ್ಲಿ ಎಂದ.

ಇತಿಹಾಸಕ್ಕೆ ಅನ್ಯಾಯವಾಗಬಾರದೆಂದು, ಮದುವೆಯ ದಿನವೇ ಊಟ ಮುಗಿದ ಮೇಲೆ ನಾನು ಮದುಮಗನನ್ನು ಹುಡುಕಿಕೊಂಡು ಹೋದೆ. ಅವನು ಬಾಸಿಂಗ ಬಿಚ್ಚಿಟ್ಟು, ರೇಷ್ಮೆ ಪಂಚೆ ಎತ್ತಿ ಕಟ್ಟಿ, ತನ್ನ ಮದುವೆಯ ಕುರ್ಚಿಗಳನ್ನು ಅಟ್ಟಿ ಹಾಕುತ್ತಿದ್ದ. ಆಚೆ ತುದಿಯಿಂದ ಮದುಮಗಳೂ ಅದನ್ನೇ ಮಾಡುತ್ತಿದ್ದಳು.

‘ಸಂಬಣ್ಣ, ನಿಜ ಹೇಳ್ಕ್’ ಎಂದೆ. ‘ದುಬೈಯೋರನ್ನ ಬ್ಯಾಡ ಅಂದ ಹೆಣ್ಣ್. ಆ ಗಲಾಟಿಯಂಗೆ ಅವ್ಳ್ ಹತ್ರ ನೀನ್ ಎಂತ ಹೇಳ್ದೆ?’

ಅವನು ಕೈಯಲ್ಲಿದ್ದ ಕುರ್ಚಿಯನ್ನು ಅಟ್ಟಿಯ ಮೇಲೆ ಕೂರಿಸಿ ಹೇಳಿದ:

‘ಎಂತ ಹೇಳುದ್? ಅವ್ರ್ ಬದಿ ಬ್ಯಾಸ್ಗಿಯಂಗೆ ಬಾವಿ ನೀರ್ ಉಪ್ಪಾತ್ತಂಬ್ರ್, ದೂರದಿಂದ ಹೊತ್ಕಂಡ್ ಬರ್ಕಂಬ್ರ್. ನಿಮ್ದ್ ಹ್ಯಾಂಗೆ ಅಂದೇಳಿ ಕೇಂಡ್ರ್. ನಮ್ದ್ ಉಪ್ಪಾತಿಲ್ಲೆ ಅಂದೆ.’